ಬೋರು ಆಳಕ್ಕೆ ಹೋದಷ್ಟೂ ನೀರು ದೂರವಾಗುವುದೇಕೆ?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮೂರಿನಲ್ಲಿ ಚೆಕ್‌ಡ್ಯಾಂ ಕಟ್ಟಿಸಿದ್ದೇವೆ, ಕೆರೆಯ ಹೂಳು ತೆಗೆಸಿದ್ದೇವೆ, ಬಹುತೇಕ ಎಲ್ಲರ ತೋಟದಲ್ಲೂ ಡ್ರಿಪ್ ಇದೆ. ಆದರೂ ಹತ್ತು ವರ್ಷದ ಹಿಂದೆ 700 ಅಡಿಗೆ ಸಿಗುತ್ತಿದ್ದ ನೀರು ಈಗ 1,200 ಅಡಿಗೂ ಸಿಗುತ್ತಿಲ್ಲ. ಈಚೆಗೆ ಒಂದು ತರಬೇತಿಯಲ್ಲಿ ‘ಸಿಸ್ಟಮ್ಸ್ ಥಿಂಕಿಂಗ್’ ಎಂದು ಹೇಳಿ ಬೋರ್ಡಿನ ತುಂಬ ಬಾಣದ ಗುರುತು ಬರೆದರು. ಕೇಳಲು ಚೆನ್ನಾಗಿತ್ತು, ಮನೆಗೆ ಬಂದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಇದು ನಮ್ಮಂಥ ಊರಿಗೆ ಉಪಯೋಗಕ್ಕೆ ಬರುವ ವಿಷಯವೇ? ಪಕ್ಕದ ಪಂಚಾಯಿತಿಯವರು ಬೋರು ಕೊರೆಸುತ್ತಲೇ ಇದ್ದರೆ ನಾವೊಬ್ಬರೇ ಏನಾದರೂ ಮಾಡಿ ಪ್ರಯೋಜನವೇನು?

ಉತ್ತರ: ಡ್ರಿಪ್‌ನಿಂದಲೇ ಶುರು ಮಾಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ ನಿಮ್ಮ ಜಿಲ್ಲೆಯ ಊರೂರು ತಿರುಗಿ ‘ಡ್ರಿಪ್ ಹಾಕಿಸಿ, ಅಂತರ್ಜಲ ಉಳಿಯುತ್ತೆ’ ಎಂದು ಹೇಳಿದವರಲ್ಲಿ ನಾನೂ ಒಬ್ಬ. ಲೆಕ್ಕ ಸರಿಯಾಗಿಯೇ ಇತ್ತು. ಒಂದು ಎಕರೆ ಟೊಮೆಟೊಗೆ ಸಾಲಿನಲ್ಲಿ ನೀರು ಹಾಯಿಸಿದರೆ ಬೆಳೆ ಮುಗಿಯುವಷ್ಟರಲ್ಲಿ ಸುಮಾರು 20 ಲಕ್ಷ ಲೀಟರ್ ಬೇಕು ಎಂದಿಟ್ಟುಕೊಳ್ಳಿ. ಡ್ರಿಪ್‌ನಲ್ಲಿ ಅದು 14 ಲಕ್ಷಕ್ಕೆ ಇಳಿಯುತ್ತದೆ. ಎಕರೆಗೆ ಆರು ಲಕ್ಷ ಲೀಟರ್ ಉಳಿತಾಯ. ಆದರೆ ಡ್ರಿಪ್ ಹಾಕಿಸಿದ ರೈತ ಆಮೇಲೆ ಏನು ಮಾಡುತ್ತಾನೆ ಎಂದು ನಾನು ಯೋಚಿಸಿರಲಿಲ್ಲ. ನೀರು ಸಾಲದೆ ಬೀಳುಬಿಟ್ಟಿದ್ದ ಪಕ್ಕದ ಎಕರೆಗೂ ಅವನು ಪೈಪು ಎಳೆದ. ಎಳೆಯದೆ ಇರಲು ಅವನಿಗೆ ಕಾರಣವೇ ಇರಲಿಲ್ಲ. ಎರಡು ಎಕರೆಗೆ 28 ಲಕ್ಷ ಲೀಟರ್ ಆಯಿತು. ಮೊದಲು ಎತ್ತುತ್ತಿದ್ದುದು 20 ಲಕ್ಷ.

ಇನ್ನೂ ಒಂದು ಸಂಗತಿ ಇದೆ. ಸಾಲಿನಲ್ಲಿ ಹಾಯಿಸುವಾಗ ‘ವ್ಯರ್ಥ’ ಎಂದು ನಾವು ಬೈಯುತ್ತಿದ್ದ ನೀರಿನಲ್ಲಿ ಒಂದು ಪಾಲು ಭೂಮಿಯೊಳಕ್ಕೇ ಇಂಗುತ್ತಿತ್ತು. ಡ್ರಿಪ್ ಬಂದ ಮೇಲೆ ಆ ಪಾಲೂ ನಿಂತಿತು. ಹೀಗೆ ಒಬ್ಬೊಬ್ಬ ರೈತನ ಹೊಲದಲ್ಲಿ ಉಳಿತಾಯ ಕಂಡರೂ ಇಡೀ ಊರಿನ ಲೆಕ್ಕದಲ್ಲಿ ಹೊರೆ ಹೆಚ್ಚಿತು. ಕಲ್ಲಿದ್ದಲಿನ ವಿಷಯದಲ್ಲಿ ಇದನ್ನು 1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಗುರುತಿಸಿದ್ದರು. ಕಡಿಮೆ ಕಲ್ಲಿದ್ದಲಿನಲ್ಲಿ ಓಡುವ ಉಗಿ ಯಂತ್ರಗಳು ಬಂದಂತೆ ದೇಶದ ಒಟ್ಟು ಕಲ್ಲಿದ್ದಲಿನ ಬಳಕೆ ಏರುತ್ತಲೇ ಹೋಯಿತು. ಡ್ರಿಪ್ ಕೆಟ್ಟದ್ದೆಂದು ಇದರಿಂದ ತಿಳಿಯಬೇಡಿ. ‘ಉಳಿದ ನೀರು ಯಾರ ಪಾಲು’ ಎಂಬುದಕ್ಕೆ ಊರಿನಲ್ಲಿ ಉತ್ತರ ಇಲ್ಲದಿದ್ದರೆ, ಉಳಿಸುವ ಸಲಕರಣೆಯೇ ಖರ್ಚು ಮಾಡುವ ಸಲಕರಣೆಯಾಗುತ್ತದೆ, ಅಷ್ಟೇ.

ನಿಮಗೆ ಬೋರ್ಡಿನ ಮೇಲೆ ತೋರಿಸಿದ ವ್ಯವಸ್ಥಾ ಚಿಂತನೆ ಎಂದರೆ ಮೂಲದಲ್ಲಿ ಇದೇ. ಒಂದು ಕೆಲಸ ಮಾಡಿದರೆ ‘ಆಮೇಲೆ ಏನಾಗುತ್ತೆ? ಅದಾದ ಮೇಲೆ? ಅದು ತಿರುಗಿ ಬಂದು ಮೊದಲಿನದನ್ನೇ ಹೆಚ್ಚು ಮಾಡುತ್ತಾ, ಕಡಿಮೆ ಮಾಡುತ್ತಾ?’ ಎಂದು ಬಿಡದೆ ಕೇಳುವುದು. ಬಾಣಗಳ ಚಿತ್ರ ಆ ಪ್ರಶ್ನೆಗಳನ್ನು ಮರೆಯದಿರಲಿ ಎಂದು ಬರೆದುಕೊಳ್ಳುವ ಗುರುತು. ಚಿತ್ರ ಬಿಡಿಸಿದ ಮಾತ್ರಕ್ಕೆ ನೀರು ಬರುವುದಿಲ್ಲ ಎಂಬ ನಿಮ್ಮ ಅನುಮಾನ ಸರಿಯಾದದ್ದೇ.

ಮೊದಲು ನಿಮ್ಮ ಕಾಲ ಕೆಳಗಿನ ತೊಟ್ಟಿಯನ್ನು, ಅಂದರೆ ನೆಲದೊಳಗೆ ನೀರು ನಿಲ್ಲುವ ಜಾಗವನ್ನು ನೋಡೋಣ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್, ಪಿನಾಕಿನಿಗಳು ಮಳೆ ಬಂದಾಗ ಮಾತ್ರ ನದಿಗಳು. ವರ್ಷಕ್ಕೆ ಹೆಚ್ಚುಕಡಿಮೆ 700 ಮಿಲಿಮೀಟರ್ ಮಳೆ. ಒಂದು ಎಕರೆ ಮೇಲೆ ಬೀಳುವ ಆ ಮಳೆಯೆಂದರೆ ಸುಮಾರು 28 ಲಕ್ಷ ಲೀಟರ್. ಅದರಲ್ಲಿ ಬಹುಪಾಲು ಆವಿಯಾಗುತ್ತದೆ, ಗಿಡಮರ ಹೀರುತ್ತವೆ, ಒಂದಿಷ್ಟು ಹರಿದು ಹೋಗುತ್ತದೆ. ನಿಮ್ಮ ಕಡೆಯ ಕಲ್ಲುನೆಲದಲ್ಲಿ ಅಂತರ್ಜಲಕ್ಕೆ ಸೇರುವುದು ಸುಮಾರು ಹತ್ತರಲ್ಲಿ ಒಂದು ಪಾಲು, ಅಂದರೆ 2.8 ಲಕ್ಷ ಲೀಟರ್. ಡ್ರಿಪ್‌ನಲ್ಲಿ ಬೆಳೆದ ಒಂದು ಎಕರೆ ಟೊಮೆಟೊ ಒಂದೇ ಬೆಳೆಯಲ್ಲಿ ಐದು ಎಕರೆಯಲ್ಲಿ ಇಂಗಿದ ನೀರನ್ನು ಕುಡಿಯುತ್ತದೆ. ವರ್ಷಕ್ಕೆ ಎರಡು ಬೆಳೆ ತೆಗೆದರೆ ಹತ್ತು ಎಕರೆಯ ನೀರು. ಈ ಒಂದು ಲೆಕ್ಕವನ್ನು ಗ್ರಾಮಸಭೆಯಲ್ಲಿ ಹೇಳಿ ನೋಡಿ. ಊರಿನ ಒಟ್ಟು ಜಮೀನು ಎಷ್ಟು, ಅದರಲ್ಲಿ ನೀರಾವರಿ ಬೆಳೆ ಎಷ್ಟು ಎಂದು ಅಲ್ಲಿದ್ದವರೇ ಬೆರಳು ಮಡಚತೊಡಗುತ್ತಾರೆ.

ತೊಟ್ಟಿಯ ಆಕಾರವನ್ನೂ ತಿಳಿದಿರಬೇಕು. ಮೇಲಿನ 60–100 ಅಡಿ ಪುಡಿಪುಡಿಯಾದ ಕಲ್ಲಿನ ಪದರ. ಹಿಂದೆ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುತ್ತಿದ್ದ ಬಾವಿಗಳೆಲ್ಲ ಈ ಪದರದಲ್ಲೇ ಇದ್ದವು. ಇಲ್ಲಿ ನೂರು ಲೀಟರ್ ಜಾಗದಲ್ಲಿ ನಮ್ಮ ಕೈಗೆ ಸಿಗುವ ನೀರು ಎರಡು ಮೂರು ಲೀಟರ್. ಅದರ ಕೆಳಗೆ ಗಟ್ಟಿ ಬಂಡೆ, ಅಲ್ಲಲ್ಲಿ ಬಿರುಕು. ಅಲ್ಲಿ ನೂರಕ್ಕೆ ಒಂದು ಲೀಟರ್ ಕೂಡ ಇಲ್ಲ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಆದ್ದರಿಂದ ಮೇಲಿನ ಪದರದಲ್ಲಿ ಒಂದಡಿ ಇಳಿಸುತ್ತಿದ್ದಷ್ಟೇ ನೀರನ್ನು ಕೆಳಗಿನಿಂದ ಎತ್ತಿದರೆ ಮಟ್ಟ ಹಲವು ಅಡಿ ಕುಸಿಯುತ್ತದೆ. ‘ಕೆಳಗೆ ಗಂಗೆ ಹರಿಯುತ್ತಿದ್ದಾಳೆ, ಇನ್ನೊಂದಿಷ್ಟು ಇಳಿದರೆ ಸಿಗುತ್ತಾಳೆ’ ಎಂಬ ನಂಬಿಕೆ ನಿಮ್ಮ ನೆಲಕ್ಕೆ ಹೊಂದುವುದಿಲ್ಲ. 700ರಿಂದ 1,200 ಅಡಿಗೆ ಹತ್ತೇ ವರ್ಷದಲ್ಲಿ ಇಳಿದದ್ದು ನಿಮ್ಮೂರಿನವರು ದಿಢೀರನೆ ದುರಾಸೆಗೆ ಬಿದ್ದದ್ದರಿಂದಲ್ಲ. ತೊಟ್ಟಿ ಕೆಳಗೆ ಕಿರಿದಾಗುತ್ತಾ ಹೋಗುತ್ತದೆ. ಆಳದ ನೀರು ಹಳೆಯದು, ಕಲ್ಲಿನ ಜೊತೆ ಬಹುಕಾಲ ಇದ್ದದ್ದು. ಫ್ಲೋರೈಡ್ ಸೇರಿಕೊಳ್ಳುವುದು ಹೀಗೆಯೇ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಗೂ ಬೋರಿನ ಆಳಕ್ಕೂ ನಂಟಿದೆ.

ಹಾಗಿದ್ದರೂ ಜನ ಕೊರೆಸುವುದೇಕೆ? ಇದಕ್ಕೆ ನಾನು ಕಣ್ಣಾರೆ ಕಂಡ ಒಂದು ರಾತ್ರಿಯನ್ನೇ ಹೇಳಬೇಕು.

ಶ್ರೀನಿವಾಸಪುರದ ಕಡೆ ಒಂದು ಹೊಲ. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ಬೋರ್‌ವೆಲ್ ಲಾರಿ ಸಂಜೆಯೇ ಬಂದು ನಿಂತಿತ್ತು. ನೀರು ನೋಡುವವನ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಜಾಗಕ್ಕೆ ಮನೆಯ ಅಜ್ಜಿ ಅರಿಸಿನ ಕುಂಕುಮ ಇಟ್ಟು ನಿಂಬೆಹಣ್ಣು ಕೊಯ್ದರು. ಮೊದಲು ಕೆಂಪು ಮಣ್ಣು ಹಾರಿತು, ಆಮೇಲೆ ಹಳದಿ, ಆಮೇಲೆ ಬಿಳಿ ಕಲ್ಲಿನ ಪುಡಿ. ಒಂದೊಂದು ರಾಡು 20 ಅಡಿ. ಹೆಲ್ಪರ್ ಹುಡುಗ ಇಳಿದ ಪ್ರತಿ ರಾಡಿಗೂ ಲಾರಿಯ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದ. ಗೀಟು ನಲವತ್ತೈದಾದಾಗ 900 ಅಡಿ. ಇನ್ನೂ ಬಿಳಿ ಪುಡಿಯೇ. ಆಳ ಹೆಚ್ಚಿದಂತೆ ಅಡಿಗೆ ಇಷ್ಟು ಎಂಬ ದರವೂ ಏರುತ್ತದೆ. ನಿಲ್ಲಿಸಿ ಅನ್ನುವುದಕ್ಕೆ ಯಜಮಾನನಿಗೆ ಬಾಯಿ ಬರಲಿಲ್ಲ. ನಿಲ್ಲಿಸಿದರೆ ಅದುವರೆಗಿನ ದುಡ್ಡೆಲ್ಲ ಕಲ್ಲಿನ ಪುಡಿ. ‘ಇನ್ನೊಂದು ಐದು ರಾಡು ಇಳಿಸಿ ಅಣ್ಣ’ ಎಂದ. ಮತ್ತೆ ಐದು. 1,080 ಅಡಿಗೆ ಒಂದೂವರೆ ಇಂಚು ನೀರು ಬಿತ್ತು. ಅಜ್ಜಿ ಅತ್ತರು.

ಬದುವಿನ ಆಚೆ ಪಕ್ಕದ ಹೊಲದವನು ಟವೆಲ್ ಹೊದ್ದು ನಿಂತಿದ್ದ. ಅವನ ಬೋರು 850 ಅಡಿಯದು. ನೀರು ಬಿದ್ದದ್ದನ್ನು ನೋಡಿ ಅವನು ಒಂದು ಮಾತೂ ಆಡದೆ ಸ್ವಲ್ಪ ದೂರ ಹೋದ. ಲಾರಿಯ ಏಜೆಂಟನ ಹತ್ತಿರ ‘ನಮ್ಮ ಕಡೆಗೆ ಯಾವತ್ತು ಬರ್ತೀರಿ?’ ಎಂದು ಕೇಳುತ್ತಿದ್ದುದು ನನಗೆ ಕೇಳಿಸಿತು.

ಆ ರಾತ್ರಿಯಲ್ಲಿ ತಪ್ಪು ಯಾರದು? ಹೊಲದ ಯಜಮಾನನಿಗೆ ಮಗಳ ಮದುವೆಯ ಸಾಲವಿತ್ತು, ಹಳೆ ಬೋರು ಬತ್ತಿತ್ತು. ಪಕ್ಕದವನಿಗೆ ತನ್ನ ನೀರು ಹೋಗುತ್ತದೆಂಬ ಭಯ, ಅದು ಸುಳ್ಳು ಭಯವೂ ಅಲ್ಲ. ಏಜೆಂಟನಿಗೆ ಅದು ಹೊಟ್ಟೆಪಾಡು. ಪ್ರತಿಯೊಬ್ಬನೂ ತನ್ನ ಜಾಗದಲ್ಲಿ ಬುದ್ಧಿವಂತಿಕೆಯ ಕೆಲಸವನ್ನೇ ಮಾಡಿದ. ಎಲ್ಲರ ಬುದ್ಧಿವಂತಿಕೆ ಸೇರಿ ಊರು ಬತ್ತಿತು. ದೊಡ್ಡ ಸಾಮಾಜಿಕ ಸಮಸ್ಯೆಗಳನ್ನು ವ್ಯವಸ್ಥೆಯಾಗಿ ನೋಡಬೇಕು ಎಂದು ನಾನು ಹಟ ಹಿಡಿಯುವುದು ಈ ಒಂದೇ ಕಾರಣಕ್ಕೆ. ಯಾರೋ ಒಬ್ಬ ಕೆಟ್ಟವನನ್ನು ಹುಡುಕಿ ಬೈದರೆ, ದಂಡ ಹಾಕಿದರೆ ಸಮಸ್ಯೆ ಅಲ್ಲಾಡುವುದಿಲ್ಲ. ಒಬ್ಬನ ನಿರ್ಧಾರ ಇನ್ನೊಬ್ಬನ ನಿರ್ಧಾರಕ್ಕೆ ಎಲ್ಲಿ ಗಂಟು ಬಿದ್ದಿದೆ ಎಂದು ನೋಡಿ ಆ ಗಂಟನ್ನು ಸಡಿಲಿಸಬೇಕು.

ಇಲ್ಲಿ ಗಂಟು ಒಂದಲ್ಲ. ಒಂದು ಬೋರು ಆಳಕ್ಕೆ ಹೋದರೆ ಪಕ್ಕದ್ದೂ ಆಳಕ್ಕೆ ಹೋಗುತ್ತದೆ, ಇದು ಎಲ್ಲರಿಗೂ ಕಾಣುವ ಸುತ್ತು. ಅದರೊಳಗೆ ಸಾಲದ ಸುತ್ತೊಂದಿದೆ. ಕೊರೆಸಲು ಲಕ್ಷಗಟ್ಟಲೆ ಸಾಲ, ಆ ಸಾಲ ತೀರಿಸಲು ಬೇಗ ದುಡ್ಡು ತರುವ ಬೆಳೆ ಬೇಕು. ರಾಗಿಯಿಂದ ಆ ದುಡ್ಡು ಬರುವುದಿಲ್ಲ, ಟೊಮೆಟೊ, ಕ್ಯಾಪ್ಸಿಕಂ, ಹಿಪ್ಪುನೇರಳೆ ಬೇಕು. ಅವುಗಳಿಗೆ ಹೆಚ್ಚು ನೀರು, ಹೆಚ್ಚು ನೀರಿಗೆ ಮತ್ತೆ ಬೋರು, ಬೋರಿಗೆ ಮತ್ತೆ ಸಾಲ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಹಾಗಾಗಿ ಕೊರೆಸುವುದಕ್ಕೆ ಮನೆ ಅಡವಿಡಬೇಕು, ಕೊರೆಸಿದ ಮೇಲೆ ನೀರೆತ್ತುವುದಕ್ಕೆ ಒಂದು ಪೈಸೆಯೂ ಇಲ್ಲ. ಸಾಲಗಾರನಾದವನು ಕರೆಂಟು ಇರುವಷ್ಟು ಹೊತ್ತೂ ಮೋಟಾರ್ ಓಡಿಸುತ್ತಾನೆ. ಕರೆಂಟು ಬರುವುದು ನಡುರಾತ್ರಿಯಾದರೆ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾನೆ. ಬೆಳೆಗೆ ಬೇಕೋ ಬೇಡವೋ, ಮೋಟಾರ್ ತಾನಾಗಿ ಶುರುವಾಗುತ್ತದೆ.

ಹಾಗಾದರೆ ಕರೆಂಟಿಗೆ ಮೀಟರ್ ಹಾಕಿ ಎಂದು ನಗರದಲ್ಲಿ ಕುಳಿತವರು ಸುಲಭವಾಗಿ ಹೇಳುತ್ತಾರೆ. ಸಾಲದ ಸುತ್ತು ಹಾಗೇ ಇರುವಾಗ ಏಕಾಏಕಿ ಬಿಲ್ಲು ಹಾಕಿದರೆ ಮೊದಲು ಮುರಿಯುವವನು ಎರಡು ಎಕರೆಯವನು, ಇಪ್ಪತ್ತು ಎಕರೆಯವನಲ್ಲ. ಗುಜರಾತಿನಲ್ಲಿ 2003ರಿಂದ ಜ್ಯೋತಿಗ್ರಾಮ ಯೋಜನೆಯಡಿ ಊರಿನ ಲೈನು, ಪಂಪ್‌ಸೆಟ್ ಲೈನು ಬೇರೆ ಮಾಡಿ ಹೊಲಕ್ಕೆ ದಿನಕ್ಕೆ ಎಂಟು ಗಂಟೆ ಒಳ್ಳೆಯ ಕರೆಂಟು ಕೊಟ್ಟರು. ನಮ್ಮ ರಾಜ್ಯದ ನಿರಂತರ ಜ್ಯೋತಿ ಯೋಜನೆಯೂ ಅದೇ ದಾರಿಯದು. ಅದು ಸರ್ಕಾರದ ಮಟ್ಟದ ಕೆಲಸ, ನಿಮ್ಮ ಪಂಚಾಯಿತಿಯ ಕೈಯಲ್ಲಿಲ್ಲ. ಆದ್ದರಿಂದ ಇಲ್ಲಿಗೆ ಬಿಡುತ್ತೇನೆ.

ನಿಮ್ಮ ಕೈಯಲ್ಲಿರುವುದು ಕೆರೆ. ಹೂಳು ತೆಗೆಸಿದ್ದೀರಿ, ಸಂತೋಷ. ಆದರೆ ಆ ಕೆರೆಗೆ ನೀರು ಬರುವ ರಾಜಕಾಲುವೆಯ ಉದ್ದಕ್ಕೂ ಒಮ್ಮೆ ನಡೆದು ನೋಡಿದ್ದೀರಾ? ನಾನು ನೋಡಿದ ಎಷ್ಟೋ ಊರುಗಳಲ್ಲಿ ಕೆರೆ ಚೊಕ್ಕಟ, ಏರಿ ಭದ್ರ, ತೂಬಿಗೆ ಹೊಸ ಬಾಗಿಲು, ಆದರೆ ಕಾಲುವೆ ಮಾತ್ರ ಅರ್ಧ ಮೈಲಿ ಆಚೆ ಯಾರದೋ ತೋಟದೊಳಗೆ ಸೇರಿಹೋಗಿತ್ತು. ಅದರ ಮೇಲ್ಭಾಗದಲ್ಲಿ ನೀಲಗಿರಿ ತೋಪು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು, ಆದರೆ ಹಳೆಯ ತೋಪುಗಳು ಬುಡದಿಂದ ಚಿಗುರುತ್ತಲೇ ಇವೆ. ಇನ್ನೊಂದು ವಿಷಯ ಹೇಳಿದರೆ ನಿಮಗೆ ಬೇಸರವಾಗಬಹುದು. ನಿಮ್ಮ ಚೆಕ್‌ಡ್ಯಾಂಗಳು, ಮೇಲಿನ ಹೊಲಗಳ ಕೃಷಿಹೊಂಡಗಳು ಒಂದೊಂದಾಗಿ ಒಳ್ಳೆಯವೇ. ಎಲ್ಲವೂ ಸೇರಿದಾಗ ಸಾಧಾರಣ ಮಳೆಯ ವರ್ಷದಲ್ಲಿ ಕೆಳಗಿನ ಕೆರೆಗೆ ನೀರೇ ತಲುಪದಂತೆ ಮಾಡಬಲ್ಲವು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಿಂದ ನೆಲಕ್ಕೆ ಇಂಗುವುದಂತೂ ಇಲ್ಲ. ಮೇಲಿನ ಊರಿನಲ್ಲಿ ಸಂಖ್ಯೆ ಹೆಚ್ಚಾದಂತೆ ಕೆಳಗಿನ ಊರಿನಲ್ಲಿ ಕೋಡಿ ಬೀಳುವುದು ನಿಲ್ಲುತ್ತದೆ. ನಿಮ್ಮ ಜಿಲ್ಲೆಯ ಎರಡು ಸಾವಿರಕ್ಕೂ ಹೆಚ್ಚಿನ ಕೆರೆಗಳಲ್ಲಿ ಬಹುಪಾಲು ಸರಪಳಿಯಂತೆ ಕಟ್ಟಿದವು. ಮೇಲಿನದರ ಕೋಡಿಯ ನೀರೇ ಕೆಳಗಿನದರ ಒಳಹರಿವು. ಕಟ್ಟಿದವರು ಒಂದು ಕೆರೆಯನ್ನಲ್ಲ, ಇಡೀ ಕಣಿವೆಯನ್ನು ಕಣ್ಣಮುಂದೆ ಇಟ್ಟುಕೊಂಡಿದ್ದರು.

ಕೆರೆ ಯಾಕೆ ಹಾಳಾಯಿತು ಎಂಬುದೂ ಬೋರಿಗೇ ಬಂದು ಸೇರುತ್ತದೆ. ಕೆರೆಯ ನೀರನ್ನೇ ನಂಬಿದ್ದಾಗ ಅಚ್ಚುಕಟ್ಟಿನ ಪ್ರತಿಯೊಬ್ಬರಿಗೂ ಕಾಲುವೆಯ ಕಾಳಜಿ ಇತ್ತು. ಸ್ವಂತ ಬೋರು ಬಂದವರಿಗೆ ಕೆರೆ ಬೇಕಾಗಲಿಲ್ಲ. ಬೋರು ಹಾಕಿಸುವ ಶಕ್ತಿ ಇದ್ದವರು ಊರಿನಲ್ಲಿ ಮಾತು ನಡೆಯುವವರೂ ಆಗಿದ್ದರು. ಅವರು ಕೈಬಿಟ್ಟ ಮೇಲೆ ಹೂಳು ತುಂಬಿತು, ಇಂಗುವುದು ಕಡಿಮೆಯಾಯಿತು, ಬಾವಿ ಬತ್ತಿತು, ಉಳಿದವರಿಗೂ ಬೋರು ಬೇಕಾಯಿತು. ತಕ್ಷಣದ ಪರಿಹಾರವೊಂದು ಮೂಲದ ಪರಿಹಾರವನ್ನು ನಿಧಾನವಾಗಿ ಕೊಂದದ್ದು ಹೀಗೆ. ಸರ್ಕಾರಿ ಆಸ್ಪತ್ರೆ, ಸರ್ಕಾರಿ ಶಾಲೆಗಳ ಕಥೆಯಲ್ಲೂ ನಿಮಗೆ ಇದೇ ಚಿತ್ರ ಕಂಡೀತು.

ಆದರೆ ಹಳೆಯ ಕಾಲವನ್ನು ಚಿನ್ನದ ಕಾಲ ಎನ್ನಲು ನಾನು ಸಿದ್ಧನಿಲ್ಲ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುತ್ತಿದ್ದ ನೀರುಗಂಟಿ ಬಹಳ ಕಡೆ ದಲಿತ. ಅವನಿಗೆ ಕೊಯ್ಲಿನಲ್ಲಿ ಒಂದಿಷ್ಟು ಕಾಳು ಸಿಗುತ್ತಿತ್ತು. ಎಲ್ಲರಿಗೂ ನೀರು ಹಂಚಿದವನಿಗೆ ಅದೇ ನೀರಿನಲ್ಲಿ ಬೆಳೆಯಲು ಸ್ವಂತ ಗದ್ದೆ ಇರುತ್ತಿದ್ದುದು ಅಪರೂಪ. ಒಂದು ವ್ಯವಸ್ಥೆ ಚೆನ್ನಾಗಿ ನಡೆಯುತ್ತಿತ್ತು ಎಂದ ಕೂಡಲೇ ಯಾರ ಬೆನ್ನಿನ ಮೇಲೆ ನಡೆಯುತ್ತಿತ್ತು ಎಂದೂ ಕೇಳಬೇಕು. ಈ ಪ್ರಶ್ನೆಯನ್ನು ಬಿಟ್ಟು ಬಿಡಿಸಿದ ಬಾಣದ ಚಿತ್ರ ನನಗೆ ಬೇಡ.

‘ಹೊರಗಿನಿಂದ ನೀರು ತಂದರೆ ಎಲ್ಲ ಸರಿಹೋಗುತ್ತೆ’ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು 2018ರಲ್ಲಿ ನಿಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಾಗ ನೋಡಲು ಹೋದವರಲ್ಲಿ ನಾನೂ ಇದ್ದೆ. ದಿನಕ್ಕೆ 44 ಕೋಟಿ ಲೀಟರ್‌ನ ಯೋಜನೆ, 126 ಕೆರೆಗಳನ್ನು ತುಂಬಿಸುವ ಗುರಿ. ಕೆರೆಗಳ ಸುತ್ತ ಬತ್ತಿದ್ದ ಬೋರುಗಳಲ್ಲಿ ನೀರು ಕಾಣಿಸಿದ್ದು ನಿಜ. ನೀರನ್ನು ಎರಡು ಹಂತ ಶುದ್ಧ ಮಾಡಿದರೆ ಸಾಲದು, ಮೂರನೆಯ ಹಂತವೂ ಬೇಕು ಎಂಬ ಜನರ ಒತ್ತಾಯವೂ ನ್ಯಾಯವಾದದ್ದೇ. ನನ್ನ ಚಿಂತೆ ಇನ್ನೊಂದಿದೆ. ಅದು ತೊಟ್ಟಿಗೆ ಹೊಸ ನಲ್ಲಿ. ತೊಟ್ಟಿಯಿಂದ ಎತ್ತುವ ನಿಯಮ ಮಾತ್ರ ಹಳೆಯದೇ. ಮಟ್ಟ ಏರಿದ್ದನ್ನು ಕಂಡ ರೈತ ಇನ್ನೊಂದು ಎಕರೆಗೆ ಸಸಿ ನಾಟಿ ಮಾಡುತ್ತಾನೆ. 2021ರ ನವೆಂಬರ್‌ನ ಆ ಜಡಿಮಳೆ ನೆನಪಿದೆಯಲ್ಲ? ವರ್ಷಗಟ್ಟಲೆ ತುಂಬದ ಕೆರೆಗಳು ಕೋಡಿ ಬಿದ್ದವು, ಬಾಗಿನ ಬಿಟ್ಟೆವು, ತೆಪ್ಪೋತ್ಸವ ಮಾಡಿದೆವು. 2023ರಲ್ಲಿ ಬರ ಬಂದಾಗ ಆ ನೀರು ಎಲ್ಲಿ ಹೋಗಿತ್ತು? ತುಂಬಿದ ವರ್ಷ ಬೆಳೆ ಹರಡಿಕೊಂಡಿತು, ಬರ ಬಂದ ವರ್ಷ ಅದು ಹಿಂದೆ ಸರಿಯಲಿಲ್ಲ. ಎತ್ತಿನಹೊಳೆಯ ನೀರು ನಿಮ್ಮೂರಿಗೆ ಬಂದರೂ ಊರೊಳಗಿನ ನಿಯಮ ಇದೇ ಆಗಿದ್ದರೆ ಫಲವೂ ಇದೇ ಆಗುತ್ತದೆಂದು ನನಗೆ ಭಯ.

ನಿಮಗೆ ತರಬೇತಿ ಕೊಟ್ಟವರು ಜೇ ಫಾರೆಸ್ಟರ್ ಹೆಸರು ಹೇಳಿರಬಹುದು. ಅಮೆರಿಕದ ಎಂಐಟಿಯ ಈ ಎಂಜಿನಿಯರ್ 1950ರ ದಶಕದಲ್ಲಿ ಗೃಹೋಪಯೋಗಿ ಯಂತ್ರ ತಯಾರಿಸುವ ಕಾರ್ಖಾನೆಯೊಂದರ ಸಮಸ್ಯೆಯನ್ನು ಎತ್ತಿಕೊಂಡರು. ಒಮ್ಮೆ ಮೂರೂ ಪಾಳಿಯಲ್ಲಿ ಕೆಲಸ, ಕೆಲವು ವರ್ಷದ ನಂತರ ಅರ್ಧ ಜನ ಮನೆಗೆ. ಮಾರುಕಟ್ಟೆಯ ಏರಿಳಿತವೇ ಕಾರಣ ಎಂದು ಎಲ್ಲರೂ ನಂಬಿದ್ದರು. ಪೆನ್ಸಿಲ್ಲು ಕಾಗದ ಹಿಡಿದು ವಾರವಾರದ ಲೆಕ್ಕ ಹಾಕಿದಾಗ ಬೇರೆಯದೇ ಕಂಡಿತು. ಬೇಡಿಕೆ ಸ್ಥಿರವಾಗಿದ್ದರೂ, ದಾಸ್ತಾನು ನೋಡಿ ಕೆಲಸಗಾರರನ್ನು ಸೇರಿಸುವ ಬಿಡಿಸುವ ಕಾರ್ಖಾನೆಯ ಸ್ವಂತ ನಿಯಮಗಳೇ, ಅದರ ನಡುವಿನ ತಡಗಳೇ ಈ ಉಬ್ಬರವಿಳಿತವನ್ನು ಹುಟ್ಟಿಸಬಲ್ಲವಾಗಿದ್ದವು. ಮಳೆಯನ್ನು ದೂರುವ ಮೊದಲು ನಮ್ಮ ನಿಯಮಗಳನ್ನು ನೋಡಿಕೊಳ್ಳಬೇಕೆಂಬ ಪಾಠ ನಮಗೂ ಅಲ್ಲಿದೆ. ಅವರ ಶಿಷ್ಯಪರಂಪರೆಯ ಡೊನೆಲ್ಲಾ ಮೆಡೋಸ್ 1999ರಲ್ಲಿ ಒಂದು ವ್ಯವಸ್ಥೆಯನ್ನು ಎಲ್ಲೆಲ್ಲಿ ಹಿಡಿದು ತಿರುಗಿಸಬಹುದು ಎಂದು ಪಟ್ಟಿ ಮಾಡಿದರು. ಸಬ್ಸಿಡಿ, ತೆರಿಗೆಯಂಥ ಅಂಕಿಗಳನ್ನು ಹೆಚ್ಚು ಕಡಿಮೆ ಮಾಡುವುದನ್ನು ಅವರು ತೀರ ಕೆಳಗಿಟ್ಟರು. ಯಾರಿಗೆ ಯಾವ ಮಾಹಿತಿ ಕಾಣುತ್ತದೆ, ನಿಯಮ ಯಾರು ಮಾಡುತ್ತಾರೆ, ಗುರಿ ಏನು ಎಂಬುವು ಅದಕ್ಕಿಂತ ಬಹಳ ಮೇಲೆ. ನಮ್ಮ ನೀರಿನ ಯೋಜನೆಗಳ ಹಣವೆಲ್ಲ ಆ ಪಟ್ಟಿಯ ಬುಡದಲ್ಲೇ ಖರ್ಚಾಗುತ್ತಿದೆ.

ಮಾಹಿತಿಯ ಶಕ್ತಿ ಏನೆಂಬುದಕ್ಕೆ ನಿಮಗೆ ಹತ್ತಿರದ ಉದಾಹರಣೆಯೇ ಇದೆ. ನಿಮ್ಮ ಗಡಿಯಾಚೆಯ ಚಿತ್ತೂರು, ಅನಂತಪುರ ಸೇರಿದಂತೆ ಆಗಿನ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರೇ ಅಂತರ್ಜಲ ಅಳೆಯುವ ಯೋಜನೆಯೊಂದು 2000ರ ದಶಕದಲ್ಲಿ ನಡೆಯಿತು. ಅಲ್ಲಿ ನಿಷೇಧ ಇರಲಿಲ್ಲ, ದಂಡ ಇರಲಿಲ್ಲ, ಸಬ್ಸಿಡಿಯ ಆಮಿಷವೂ ಇರಲಿಲ್ಲ. ರೈತ ಹೆಣ್ಣುಮಕ್ಕಳು, ಗಂಡಸರು ಮಳೆಮಾಪಕ ಓದಲು, ಬಾವಿಯ ಮಟ್ಟ ಅಳೆಯಲು ಕಲಿತರು. ಅಂಕಿಗಳನ್ನು ಊರ ಗೋಡೆಯ ಮೇಲೆ ಬರೆದರು. ಹಿಂಗಾರಿಗೆ ಮೊದಲು ಎಲ್ಲರೂ ಕುಳಿತು ಈ ಸಲ ಇಂಗಿದ್ದು ಎಷ್ಟು, ನಾವೆಲ್ಲ ಹಾಕಬೇಕೆಂದಿರುವ ಬೆಳೆಗೆ ಬೇಕಾದದ್ದು ಎಷ್ಟು ಎಂದು ಲೆಕ್ಕ ಹಾಕಿದರು. ಕೊರತೆ ಕಂಡ ಮೇಲೆ ಏನು ಬೆಳೆಯಬೇಕೆಂಬುದನ್ನು ಒಬ್ಬೊಬ್ಬರ ಇಷ್ಟಕ್ಕೇ ಬಿಟ್ಟರು. ಅನೇಕ ಕಡೆ ಜನ ತಾವಾಗಿಯೇ ಭತ್ತ ಕಡಿಮೆ ಮಾಡಿದರು. ಹಣ ನಿಂತ ಮೇಲೆ ಎಲ್ಲ ಊರುಗಳಲ್ಲೂ ಅದೇ ಹುರುಪು ಉಳಿಯಲಿಲ್ಲ ಎಂಬುದನ್ನೂ ಮುಚ್ಚಿಡಬಾರದು.

ಮಹಾರಾಷ್ಟ್ರದ ಹಿವರೆ ಬಜಾರ್ ಇನ್ನೂ ಮುಂದೆ ಹೋಯಿತು. 1989ರಲ್ಲಿ ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಗ್ರಾಮಸಭೆಯೇ ವರ್ಷಕ್ಕೊಮ್ಮೆ ನೀರಿನ ಆಯವ್ಯಯ ಮಂಡಿಸತೊಡಗಿತು. ನೀರಾವರಿಗೆ ಬೋರು ಬೇಡ, ಕಬ್ಬು ಬಾಳೆ ಬೇಡ ಎಂದು ಊರೇ ನಿಯಮ ಮಾಡಿಕೊಂಡಿತು. ಅಲ್ಲಿ ಮಳೆ ನಿಮಗಿಂತ ಕಡಿಮೆ. ಊರಿನವರೇ ಮಾಡಿದ ನಿಯಮ, ಊರಿನವರೇ ಇಟ್ಟ ಕಣ್ಗಾವಲು ಇದ್ದರೆ ಎಲ್ಲರ ಸೊತ್ತು ಹಾಳಾಗಲೇಬೇಕೆಂದಿಲ್ಲ ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಈಗ ನಿಮ್ಮೂರಿಗೆ ಬರುತ್ತೇನೆ. ಒಂದು ವರ್ಷ ಹೊಸದೇನನ್ನೂ ಕಟ್ಟಬೇಡಿ, ಅಳೆಯಿರಿ. ಊರಿನ ನಾಲ್ಕು ದಿಕ್ಕಿಗೆ ಸೇರುವಂತೆ ಆರು ಬೋರು ಆರಿಸಿಕೊಳ್ಳಿ. ಅದರಲ್ಲಿ ಎರಡಾದರೂ ಮೋಟಾರ್ ಇಲ್ಲದ ಹಳೆಯ ಬೋರುಗಳಿರಲಿ, ಮಟ್ಟ ಅಳೆಯುವುದು ಅಲ್ಲಿ ಸುಲಭ. ಓಡುವ ಬೋರುಗಳಲ್ಲಿ ನೀರಿನ ಹರಿವು ಅಳೆಯಲು ಒಂದು 200 ಲೀಟರ್ ಡ್ರಮ್ಮು, ನಿಮ್ಮ ಮೊಬೈಲಿನ ಗಡಿಯಾರ ಸಾಕು. ಡ್ರಮ್ಮು ತುಂಬಲು ಎರಡು ನಿಮಿಷ ಹಿಡಿದರೆ ನಿಮಿಷಕ್ಕೆ 100 ಲೀಟರ್. ‘ಎರಡು ಇಂಚು ನೀರು’ ಎಂದು ಹೇಳಿಕೊಳ್ಳುವುದರಲ್ಲಿ ಮರ್ಯಾದೆಯ ಪ್ರಶ್ನೆಯೂ ಸೇರಿರುತ್ತದೆ. ಡ್ರಮ್ಮಿನ ಲೆಕ್ಕದಲ್ಲಿ ಅದು ಇರುವುದಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟು ಮಕ್ಕಳಿಗೆ ಒಪ್ಪಿಸಿ.

ಆಮೇಲೆ ಬಾಣದ ಚಿತ್ರ ಬರೆಯಿರಿ, ಆದರೆ ಅದನ್ನು ಬರೆಯುವಾಗ ಕೋಣೆಯಲ್ಲಿ ಯಾರಿದ್ದಾರೆ ಎಂಬುದು ಚಿತ್ರಕ್ಕಿಂತ ಮುಖ್ಯ. ಬೋರು ಇರುವವರು ಮಾತ್ರ ಕುಳಿತರೆ ಸಮಸ್ಯೆ ‘ನೀರು ಸಾಲದು’ ಎಂದಾಗುತ್ತದೆ. ಜಮೀನಿಲ್ಲದ ಕೂಲಿ ಹೆಣ್ಣುಮಗಳು ಕುಳಿತರೆ ಬೇಸಿಗೆಯಲ್ಲಿ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುವುದೂ, ಊರಿನ ಕುಡಿಯುವ ನೀರಿನ ಬೋರಿನ ಪಕ್ಕದಲ್ಲೇ ಯಾರ ತೋಟದ ಬೋರಿದೆ ಎಂಬುದೂ ಚಿತ್ರದೊಳಕ್ಕೆ ಬರುತ್ತವೆ. ಗೊಬ್ಬರದ ಅಂಗಡಿಯವರನ್ನೂ ಕರೆಯಿರಿ. ಸಾಲದ ಸುತ್ತು ಹೇಗೆ ತಿರುಗುತ್ತದೆಂದು ಅವರಷ್ಟು ಬಲ್ಲವರು ಊರಲ್ಲಿ ಇನ್ನೊಬ್ಬರಿಲ್ಲ.

ನಿಯಮಗಳು ಅಲ್ಲಿಂದ ಹುಟ್ಟಬೇಕು, ನನ್ನಿಂದ ಅಲ್ಲ. ಆದರೆ ಕೆಲವನ್ನು ಮುಂದಿಡಬಲ್ಲೆ. ಕುಡಿಯುವ ನೀರಿನ ಬೋರಿನ ಸುತ್ತ ಇಷ್ಟು ದೂರದವರೆಗೆ ಹೊಸ ಬೋರು ಬೇಡ ಎಂಬುದು ಬೇಗ ಒಪ್ಪಿಗೆಯಾಗುವ ನಿಯಮ. 2011ರ ಅಂತರ್ಜಲ ಕಾಯ್ದೆಯಲ್ಲಿ ಅಧಿಸೂಚಿತ ತಾಲೂಕುಗಳಲ್ಲಿ ಬೋರಿಗೆ ಅನುಮತಿ ಬೇಕೆಂದಿರುವುದರಿಂದ ಕಾನೂನಿನ ಬೆಂಬಲವೂ ಇದೆ. ಅಣ್ಣತಮ್ಮಂದಿರು ತಲಾ ಒಂದು ಬೋರು ಕೊರೆಸುವ ಬದಲು ಇರುವ ಒಂದರ ನೀರನ್ನು ಸರದಿಯಲ್ಲಿ ಹಂಚಿಕೊಂಡರೆ ಆ ಸಾಲವೇ ಹುಟ್ಟುವುದಿಲ್ಲ. ರಾಗಿಗೆ ಬೆಂಬಲ ಬೆಲೆ 2024–25ರಲ್ಲಿ ಕ್ವಿಂಟಾಲ್‌ಗೆ 4,290 ರೂಪಾಯಿ ಇತ್ತು. ಖರೀದಿ ಕೇಂದ್ರ ಹತ್ತಿರದಲ್ಲಿ, ಸಕಾಲಕ್ಕೆ ತೆರೆಯುವಂತೆ ಪಂಚಾಯಿತಿ ಹಟ ಹಿಡಿದರೆ ಅದು ನೀರಿನ ಕೆಲಸವೇ. ಟೊಮೆಟೊ ಬಿಡಿ ಎಂದು ಯಾರಿಗೂ ಹೇಳಬೇಡಿ. ರಾಗಿ ಹಾಕಿದವನು ಸೋಲದಂತೆ ನೋಡಿಕೊಳ್ಳಿ.

ಪಕ್ಕದ ಪಂಚಾಯಿತಿಯವರು ಕೊರೆಸುತ್ತಲೇ ಇದ್ದರೆ ಏನು ಎಂದು ಕೇಳಿದ್ದಿರಿ. ಗಂಗಾ ಬಯಲಿನ ಮೆಕ್ಕಲು ಮಣ್ಣಿನಲ್ಲಿ ನೀವಿದ್ದಿದ್ದರೆ ಈ ಭಯ ದೊಡ್ಡದಾಗಿರುತ್ತಿತ್ತು, ಅಲ್ಲಿ ನೀರು ನೆಲದೊಳಗೆ ದೂರದೂರಕ್ಕೆ ಹರಡಿಕೊಂಡಿರುತ್ತದೆ. ನಿಮ್ಮದು ಕಲ್ಲುನೆಲ. ಮೇಲಿನ ಪದರದ ನೀರು ಸಣ್ಣ ಸಣ್ಣ ತೊಟ್ಟಿಗಳಲ್ಲಿ, ಹೆಚ್ಚಾಗಿ ಒಂದೊಂದು ಕಿರುಕಣಿವೆಯೊಳಗೇ ನಿಲ್ಲುತ್ತದೆ. ನಿಮ್ಮ ಕಣಿವೆಯಲ್ಲಿ ನೀವು ಉಳಿಸಿದ್ದರಲ್ಲಿ ಬಹುಪಾಲು ನಿಮಗೇ ಉಳಿಯುತ್ತದೆ. ಆಳದ ಬಿರುಕು ಗಡಿಯಾಚೆಗೂ ಹೋಗಿರಬಹುದು, ಆ ಪಾಲನ್ನು ಕಳೆದುಕೊಳ್ಳುತ್ತೀರಿ. ಆದ್ದರಿಂದ ನಿಮ್ಮ ಕಣ್ಣು ಮೇಲಿನ ನೂರು ಅಡಿಯ ಮೇಲಿರಲಿ. ಊರಿನ ಹಳೆಯ ತೆರೆದ ಬಾವಿಯಲ್ಲಿ ಮಳೆಗಾಲ ಕಳೆದ ಮೇಲೆ ಎಷ್ಟು ದಿನ ನೀರು ನಿಂತಿತು ಎಂಬುದನ್ನೂ ಬರೆದಿಡಿ. 1,200 ಅಡಿಯ ಬೋರಿಗಿಂತ ಮೊದಲು ಬದಲಾವಣೆ ಕಾಣುವುದು ಅಲ್ಲೇ. ಅದಕ್ಕೂ ಎರಡು ಮೂರು ಮಳೆಗಾಲ ಹಿಡಿಯಬಹುದು. ಅಷ್ಟರಲ್ಲಿ ಪಂಚಾಯಿತಿ ಚುನಾವಣೆ ಬರಬಹುದು, ನೀವು ಸದಸ್ಯೆಯಾಗಿ ಇಲ್ಲದೆಯೂ ಇರಬಹುದು. ಅಳತೆಯ ಪುಸ್ತಕವನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಕೈಗೂ, ಶಾಲೆಯ ಕೈಗೂ ಈಗಲೇ ಕೊಟ್ಟಿರಿ.

ಮತ್ತೆ, ಪಂಚಾಯಿತಿ ಗೋಡೆಯ ಮೇಲೆ ಅಂಕಿ ಬರೆಸುವಾಗ ಆಯಿಲ್ ಪೇಂಟಿನಲ್ಲಿ ಬರೆಸಬೇಡಿ. ಯೋಜನೆಗಳ ಹೆಸರು, ಮೊತ್ತ ಹಾಗೆ ಬರೆದು ವರ್ಷಗಟ್ಟಲೆ ಅಳಿಸದೆ ಉಳಿದ ಗೋಡೆಗಳು ನಿಮ್ಮೂರಲ್ಲೂ ಇವೆ, ಅವುಗಳನ್ನು ಯಾರೂ ಓದುವುದಿಲ್ಲ. ಒಂದು ಕಪ್ಪು ಹಲಗೆ, ಸೀಮೆಸುಣ್ಣ ಇರಲಿ. ಹದಿನೈದು ದಿನಕ್ಕೊಮ್ಮೆ ಹಳೆಯ ಅಂಕಿಯನ್ನು ಅಳಿಸದೆ ಅದರ ಪಕ್ಕದಲ್ಲಿ ಹೊಸ ಅಂಕಿ ಬರೆಯಿರಿ. ಹಾಲಿನ ಡೇರಿಗೆ ಬರುವ ದಾರಿಯಲ್ಲಿ ಹಲಗೆ ಇದ್ದರೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಊರೆಲ್ಲ ಅದರ ಮುಂದೆ ಹಾದುಹೋಗುತ್ತದೆ.